ಹಸುಗೂಸಿಗೆ ಕೊಡದ ಜೇನು

ಪರಮಪೂಜ್ಯ ಮರುಳಪ್ರಭು ಅಜ್ಜನವರು ಆಗ ಕರಡಿಗುಡ್ಡದ ಗವಿಯಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ. ಅವರ ಸಂಸಾರವೆಂದರೆ ಅಷ್ಟೇ. ಭಕ್ತರು ಗುಡ್ಡದ ಹೆಜ್ಜೇನನ್ನು ತಂದು ಆ ಗಡಿಗೆ ತುಂಬಿಸುತ್ತಿದ್ದರು. ಅಜ್ಜನವರು ಬಂದವರ ಅಂಗೈಗೆ ಅದನ್ನೇ ಪ್ರಸಾದವಾಗಿ ದಯಪಾಲಿಸುತ್ತಿದ್ದರು. ಯಾರಿಗೂ ಇಲ್ಲವೆಂದವರಲ್ಲ.

ಒಂದು ಬೆಳಿಗ್ಗೆ ಹುಲಿಗೆವ್ವ ತನ್ನ ಎಳೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅತ್ತೆ ತಿಪ್ಪವ್ವನೊಡನೆ ಗುಡ್ಡ ಹತ್ತಿದಳು. ಆಕೆಯ ಚೊಚ್ಚಲ ಗಂಡುಕೂಸು ಮೊಲೆ ಕುಡಿಯುವುದನ್ನು ಬಿಟ್ಟು, ಕತ್ತು ನಿಲ್ಲದೆ, ಅಳುವ ದನಿಯೂ ಉಡುಗಿ ತೀರಿಕೊಂಡಿತ್ತು. ಈ ಹೆಣ್ಣುಮಗುವಾದರೂ ಉಳಿಯಬೇಕಲ್ಲ! ಅದು ಆಕಳಿಸಿದರೂ ಹುಲಿಗೆವ್ವನ ಎದೆ ಧಸಕ್ಕೆನ್ನುತ್ತಿತ್ತು.

"ಅಜ್ಜಾರ, ಕೂಸಿನ ನಾಲಿಗಿಗೆ ನಿಮ್ಮ ಕೈಲೆ ಒಂದು ಹನಿ ಜೇನು ಮುಟ್ಟಸ್ರಿ," ಎಂದು ಅಡ್ಡಬಿದ್ದಳು.

ಅಜ್ಜನವರು ಮಗುವನ್ನು ದಿಟ್ಟಿಸಿ ನೋಡಿದರು. ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿದರು.

"ಈ ಕೂಸಿಗೆ ಬ್ಯಾಡವ್ವ."

ಹುಲಿಗೆವ್ವನದು ಹೆತ್ತ ಕರುಳು, ಎಣಿಸಿದ್ದೆಲ್ಲ ಕೆಟ್ಟದ್ದೇ. ಇದೂ ಉಳಿಯುವುದಿಲ್ಲವೆಂದು ಕಂಡೇ ಪ್ರಸಾದ ತಪ್ಪಿಸಿದರೇ? ಕೂಸನ್ನು ಎದೆಗವಚಿಕೊಂಡಳು.

ತಿಪ್ಪವ್ವ ಮಾತ್ರ ತಡೆಯಲಾರದೆ ಸಿಡಿದಳು. "ಸುಟ್ಟ ಗಾಯಕ್ಕ ಹಚ್ಚಿದ್ರ ಮಾಯಸೋ ಜೇನು, ಕೂಸಿಗೆ ಹೆಂಗ ಬ್ಯಾಡಾಕ್ಕೈತ್ರಿ? ನಮ್ಮನ್ಯಾಗ ಹುಟ್ಟಿದ ಎಲ್ಲಾ ಕೂಸಿಗೂ ಮುಟ್ಟಿಸೀವಿ. ಮೊದಲನೇದಕ್ಕೂ ದಿನಾ ನಾನ..."

ಮಾತು ಅಲ್ಲಿಗೇ ನಿಂತಿತು.

ಅಜ್ಜನವರು ಮೆಲ್ಲಗೆ ನುಡಿದರು: "ಜೇನುನೊಣ ಹೂವಿನ ರಸ ತರ್ತೈತಿ. ಕಣ್ಣಿಗೆ ಕಾಣದ ಮಣ್ಣಿನ ನಂಜೂ ಅದರ ಸಂಗಾಟ ಬರಬಹುದು. ನಮ್ಮ ಹೊಟ್ಟಿ ತಡೀತೈತಿ, ಎಳೀ ಹೊಟ್ಟಿ ತಡೆಯಂಗಿಲ್ಲ."

ತಿಪ್ಪವ್ವ ಕುಸಿದು ಕುಳಿತಳು. "ಹಂಗಾದ್ರ ನನ್ನ ಕೈಲೆ ಹೋತೇನ್ರಿ, ಅಜ್ಜಾರ?"

"ಅದನ್ನ ಬಲ್ಲವರ್ಯಾರು? ಮಮತಾಲೆ ಕೊಟ್ಟಿದ್ದು ಪಾಪ ಅಲ್ಲ, ತಾಯಿ. ಇನ್ನ ತಿಳೀತಲ್ಲ." ಅಜ್ಜನವರು ಹುಲಿಗೆವ್ವನತ್ತ ತಿರುಗಿದರು. "ಇದಕ್ಕ ವರ್ಷ ತುಂಬಲಿ. ತನ್ನ ಕಾಲಿಲೆ ನಡಕೊಂತ ಬಂದು ಕೈ ಒಡ್ಡಲಿ. ಆವಾಗ ನಾನ ಕೊಡ್ತೀನಿ."

ನಡೆದುಕೊಂಡು ಬರಲಿ! ಅಂದರೆ ಬದುಕುತ್ತದೆ. ಹುಲಿಗೆವ್ವ ತಡೆದಿಟ್ಟ ಅಳುವೆಲ್ಲ ಅಜ್ಜನವರ ಪಾದದ ಮೇಲೆ ಸುರಿಯಿತು.

ಹೊರಡುವಾಗ ತಿಪ್ಪವ್ವ ಮೇಲೇಳಲೇ ಇಲ್ಲ. ತನ್ನೆರಡು ಕೈಗಳನ್ನೇ ನೋಡುತ್ತ ಕುಳಿತಿದ್ದಳು. ಹುಲಿಗೆವ್ವ ಬಾಗಿ, ಮಗುವನ್ನು ಆ ಕೈಗಳಲ್ಲೇ ಇಟ್ಟಳು.

"ಏಳ್ರಿ ಅತ್ತಿ, ಮನಿತನಕ ನೀವ ಎತ್ಕೊಂಡು ಬರ್ರಿ."