ಜಗಲಿಯ ಮೇಲಿನ ಚಪ್ಪಲಿ

ಆಸ್ಪತ್ರೆಯ ಕಪಾಟಿನಲ್ಲಿ ಭಾರೀ ಆಂಟಿಬಯಾಟಿಕ್ ಇಂಜೆಕ್ಷನ್ನಿನ ಬಾಟಲಿಯೊಂದಿತ್ತು. ತಾನು ಪೈಲ್ವಾನನೆಂದು ಅದಕ್ಕೆ ಜಂಬ. ವಾರ್ಡಿನಲ್ಲಿ ಯಾರು ಕೆಮ್ಮಿದರೂ ಇಲ್ಲದ ತೊಡೆ ತಟ್ಟುತ್ತಿತ್ತು.

ಒಂದು ದಿನ ಕಲ್ಲಪ್ಪ ಮಾಸ್ತರರು ನ್ಯುಮೋನಿಯಾ ಆಗಿ ಬಂದು ಮಲಗಿದರು. "ಒಳಗಿರೋದು ಸಾಧಾರಣ ಔಷಧಿಗೆ ಬಗ್ಗದ ಆ ಮೊಂಡ ರೋಗಾಣುವೇ! ಬಿಡಿ ನನ್ನನ್ನು!" ಎಂದು ಬಾಟಲಿ ಕೂಗಿತು.

"ಸ್ವಲ್ಪ ತಾಳಿ, ಪೈಲ್ವಾನರೇ," ಎಂದು ಹತ್ತಿಕಡ್ಡಿ ಮಾಸ್ತರರ ಮೂಗಿನೊಳಗೆ ಇಣುಕಿತು. ಅವರು ಸೀನಿದ ಸೀನಿಗೆ ತತ್ತರಿಸಿ ಹೊರಬಂತು.

"ರೋಗ ಇರೋದು ಎದೆಯಲ್ಲಿ. ಮೂಗಿನಲ್ಲಿ ಏನು ಹುಡುಕ್ತೀಯ?" ಎಂದು ಬಾಟಲಿ ರೇಗಿತು.

"ಚಪ್ಪಲಿ! ಮೂಗು ಅಂದರೆ ಜಗಲಿ ಇದ್ದ ಹಾಗೆ. ಆ ಮೊಂಡ ಮನೆಯೊಳಗಿದ್ದರೆ ಸಾಮಾನ್ಯವಾಗಿ ಜಗಲಿಯಲ್ಲಿ ಚಪ್ಪಲಿ ಬಿಟ್ಟಿರುತ್ತಾನೆ."

ಲ್ಯಾಬಿಗೆ ಹೋಗಿಬಂದ ಹತ್ತಿಕಡ್ಡಿ, "ಒಂದು ಜೊತೆಯೂ ಇಲ್ಲ. ಮಾಸ್ತರರಿಗೆ ಸಾಧಾರಣ ಔಷಧಿಯೇ ಸಾಕು," ಎಂದಿತು.

ಬಾಟಲಿ ಮುಖ ಊದಿಸಿಕೊಂಡಿತು. "ಹೀಗೆ ಕೂತಿದ್ದರೆ ರೋಗಾಣುಗಳಿಗೆ ನನ್ನ ಪರಿಚಯವಾದರೂ ಆಗೋದು ಹೇಗೆ?"

ಮೂಲೆ ಸೇರಿದ್ದ ಹಳೇ ಮಾತ್ರೆ ನಿಟ್ಟುಸಿರು ಬಿಟ್ಟಿತು. "ಪರಿಚಯವೇ? ಸಣ್ಣ ನೆಗಡಿಗೂ ನನ್ನನ್ನೇ ಕಳಿಸುತ್ತಿದ್ದರಪ್ಪ. ಈಗ ನಾನು ಹೋದರೆ ರೋಗಾಣುಗಳು 'ಬನ್ನಿ ಅಳಿಯಂದಿರೇ' ಅಂತ ಚಾಪೆ ಹಾಸಿ ಕಾಫಿ ಕೊಡುತ್ತವೆ."

ಮಾಸ್ತರರು ಗುಣವಾಗಿ ಮನೆಗೆ ನಡೆದರು. ಅದೇ ಹಾಸಿಗೆಗೆ ನ್ಯುಮೋನಿಯಾ ಅಂತಲೇ ಹಮಾಲಿ ಬುಡನ್‌ಸಾಬರು ಬಂದರು. ಈ ಸಲ ಹೊಸ ಹತ್ತಿಕಡ್ಡಿಯೊಂದು ಲ್ಯಾಬಿನಿಂದಲೇ ಕಿರುಚಿತು: "ಪೈಲ್ವಾನರೇ, ಜಗಲಿ ತುಂಬ ಚಪ್ಪಲಿ!"

ಬಾಟಲಿಯ ಮದ್ದು ಒಳಕ್ಕೆ ಧುಮುಕಿತು. ರೋಗಾಣುಗಳು ತಲೆಯೆತ್ತಿ, "ಯಾರಪ್ಪಾ ಇವನು?" ಎಂದವು.

ಉತ್ತರ ಕೇಳಿಸಿಕೊಳ್ಳಲು ಒಂದೂ ಉಳಿಯಲಿಲ್ಲ.