ಕನ್ನಿಕಮ್ಮನ ಬಾಗಿನ ದವಾಖಾನೆಗೆ ಹೋದ ಕಥೆ

ಗೌರಿಯ ಪಾದಕ್ಕೆ ನಮಸ್ಕರಿಸಿ, ಆರೋಗ್ಯಗೌರಿಯ ವ್ರತದ ಕಥೆಯನ್ನು ಹೇಳುತ್ತೇನೆ. ದೀಪಕ್ಕೆ ಎಣ್ಣೆ ಹಾಕಿ, ಬತ್ತಿಯನ್ನು ಮುಂದೆ ಸರಿಸಿ, ಮಕ್ಕಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ನಡುವೆ ಏಳದೆ ಮನಸ್ಸಿಟ್ಟು ಕೇಳಿ.

ಆಷಾಢ ಮಾಸದಲ್ಲಿ ಗಾಳಿ ತಿರುಗಿ, ಹೊಸ ನೀರು ಬಂದು, ಮನೆಮನೆಯಲ್ಲೂ ನೆಗಡಿ ಕೆಮ್ಮು ಜ್ವರಗಳು ಕಾಣಿಸಿಕೊಳ್ಳಲು, ಎಳೆಯ ಮಕ್ಕಳ ತಾಯಂದಿರು ದಿಕ್ಕು ತೋಚದೆ ಕಣ್ಣೀರಿಡುವುದನ್ನು ಪಾರ್ವತೀದೇವಿಯು ಕೈಲಾಸದಿಂದ ಕಂಡು, ಮರುಗಿ, ಈ ವ್ರತವನ್ನು ಭೂಲೋಕಕ್ಕೆ ಅನುಗ್ರಹಿಸಿದಳು. ಆಷಾಢದ ಶುಕ್ರವಾರ ತಲೆಗೆ ಎರೆದುಕೊಂಡು, ಮಣೆಯ ಮೇಲೆ ಕಲಶವಿಟ್ಟು, ತುಳಸಿ, ಅಮೃತಬಳ್ಳಿ, ದೊಡ್ಡಪತ್ರೆಗಳಿಂದ ದೇವಿಯನ್ನು ಪೂಜಿಸಿ, ಹೆಸರುಬೇಳೆ ಪಾಯಸವನ್ನು ನೈವೇದ್ಯ ಮಾಡಿ, ಬಲಗೈಗೆ ದಾರ ಕಟ್ಟಿಕೊಳ್ಳಬೇಕು. ಆಮೇಲೆ ಮೊರದ ಬಾಗಿನವನ್ನು ಹಿಡಿದು, ತನಗೆ ತಿಳಿಯದ ವಿದ್ಯೆಯನ್ನು ತಿಳಿದವಳ ಮನೆಗೆ ತಾನೇ ನಡೆದುಹೋಗಿ, ಬಾಗಿನ ಕೊಟ್ಟು, ತಿಳಿಯದ್ದನ್ನು ಕೇಳಿ ತಿಳಿದು ಬರಬೇಕು. ಇಷ್ಟಾದರೆ ವ್ರತ ಪೂರ್ಣ. ಇದನ್ನು ಬಿಟ್ಟರೆ ಪೂಜೆ ಎಷ್ಟು ಸೊಗಸಾಗಿ ನಡೆದರೂ ಅರ್ಧವೇ ಸರಿ.

ಚಂದನಕೆರೆ ಎಂಬ ಊರಿನಲ್ಲಿ ಪಾಪಯ್ಯ ಶೆಟ್ಟರೆಂಬ ಗ್ರಂಧಿಗೆ ಅಂಗಡಿಯವರಿದ್ದರು. ಬೇರು, ತೊಗಟೆ, ಹಿಪ್ಪಲಿ, ಶುಂಠಿ, ಅಳಲೆಕಾಯಿ ಮೊದಲಾದವನ್ನು ಮಾರಿ ಬಾಳುತ್ತಿದ್ದರು. ಅವರ ಹೆಂಡತಿ ಕನ್ನಿಕಮ್ಮನಿಗೆ ತವರಿನಿಂದ ಬಂದ ಮನೆಮದ್ದಿನ ಅರಿವು ಬಹಳವಾಗಿತ್ತು. ಕೆಮ್ಮಿದವರಿಗೆ ಕಷಾಯ, ಅಜೀರ್ಣದವರಿಗೆ ಓಮದ ನೀರು, ಉಳುಕಿದವರಿಗೆ ಪಟ್ಟು, ಹೀಗೆ ಬಂದವರಿಗೆಲ್ಲ ಕೊಡುತ್ತಿದ್ದಳು. ಅವರ ಬಾಧೆ ಕಳೆಯುತ್ತಿತ್ತು. ಕನ್ನಿಕಮ್ಮನ ಕೈಗುಣ ದೊಡ್ಡದೆಂದು ಜನ ಹೊಗಳುತ್ತಿದ್ದರು. ಕೊಟ್ಟದ್ದಕ್ಕೆ ಅವಳು ಏನನ್ನೂ ಮುಟ್ಟುತ್ತಿರಲಿಲ್ಲವಾಗಿ ಹೊಗಳಿಕೆ ಇನ್ನೂ ಹೆಚ್ಚಿತು. ಹೆಚ್ಚುತ್ತ ಹೆಚ್ಚುತ್ತ ಅವಳ ಮನಸ್ಸಿನೊಳಗೆ ಹೊಕ್ಕು ಕುಳಿತಿತು.

ಹೀಗಿರಲು ಸರ್ಕಾರದವರು ಆ ಊರಿಗೆ ಒಂದು ದವಾಖಾನೆಯನ್ನು ಕಟ್ಟಿಸಿ, ಸುಗುಣಾಬಾಯಿ ಎಂಬ ಡಾಕ್ಟರಮ್ಮನನ್ನು ಕಳುಹಿಸಿಕೊಟ್ಟರು. ಆಕೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣಂದಿರ ಮನೆಯಲ್ಲಿ ಇದ್ದುಕೊಂಡೇ ಓದಿ ಡಾಕ್ಟರಾದವಳು. ಓದು ಬಹಳವಿತ್ತು, ತಾಳ್ಮೆ ಕಡಿಮೆ. ಕಷಾಯ ಕುಡಿದು ಬಂದವರನ್ನು ಕಂಡರೆ ಗದರಿಸುತ್ತಿದ್ದಳು. ಆ ಸೊಪ್ಪುಸದೆಯನ್ನೆಲ್ಲ ತಿಪ್ಪೆಗೆ ಎಸೆಯಿರಿ ಎನ್ನುತ್ತಿದ್ದಳು. ಈ ಮಾತು ಬಾಯಿಂದ ಬಾಯಿಗೆ ಹೋಗಿ ಗ್ರಂಧಿಗೆ ಅಂಗಡಿಯನ್ನು ಮುಟ್ಟಿತು. ಕನ್ನಿಕಮ್ಮನ ಮೈ ಉರಿಯಿತು. ದವಾಖಾನೆಯ ಮೆಟ್ಟಿಲು ಹತ್ತಿದವರು ತನ್ನ ಮೆಟ್ಟಿಲು ಹತ್ತಕೂಡದೆಂದು ಅವಳು ಹೇಳಿಬಿಟ್ಟಳು. ಬುಟ್ಟಿ ಹೆಣೆಯುವ ತಿರುಮಲಿಯ ಗಂಡನಿಗೆ ಚಳಿಜ್ವರ ಬಂದು, ಬಿಟ್ಟು, ಮತ್ತೆ ಬಂದು, ಆಳು ಕಡ್ಡಿಯಂತಾದಾಗ ತಿರುಮಲಿ ಅವನನ್ನು ಕದ್ದು ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ಗುಳಿಗೆಯಿಂದ ಅವನಿಗೆ ಗುಣವಾಯಿತು. ಇದನ್ನು ತಿಳಿದ ಕನ್ನಿಕಮ್ಮ ತಿರುಮಲಿಯೊಡನೆ ಮಾತು ಬಿಟ್ಟಳು. ಅವನು ಬದುಕಿದನಲ್ಲ ಎಂಬ ಸಂತೋಷ ಅವಳ ಮನಸ್ಸಿಗೆ ಬರಲೇ ಇಲ್ಲ.

ಆ ವರ್ಷದ ಆಷಾಢ ಶುಕ್ರವಾರ ಕನ್ನಿಕಮ್ಮ ವ್ರತವನ್ನು ಎಂದಿಗಿಂತ ವಿಜೃಂಭಣೆಯಿಂದ ಮಾಡಿದಳು. ಬೀದಿಯ ಹೆಂಗಸರೆಲ್ಲ ಬಂದು ಅರಿಶಿನ ಕುಂಕುಮ ತೆಗೆದುಕೊಂಡು, ಪಾಯಸ ಕುಡಿದು ಹೋದರು. ಬಾಗಿನವನ್ನು ಮಾತ್ರ ಎಂದಿನಂತೆ ಒಳಮನೆಯಲ್ಲೇ ನಾದಿನಿಗೆ ಕೊಟ್ಟು ಮುಗಿಸಿದಳು. ಆ ಹೊತ್ತಿಗೆ ಯಾರೂ ಅರಿಯದ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು, ಬಾಗಿನ ಯಾರ ಮನೆಗೆ ಹೋಯಿತು ತಾಯಿ ಎಂದು ವಿಚಾರಿಸಲು, ಕನ್ನಿಕಮ್ಮ ನಕ್ಕು, “ನನಗೆ ತಿಳಿಯದ್ದು ಈ ಊರಲ್ಲಿ ಯಾರಿಗೆ ತಿಳಿದಿದೆ ಅಜ್ಜಿ? ಒಬ್ಬಳು ಬಂದಿದ್ದಾಳೆ, ಅವಳ ಹಣೆಯಲ್ಲಿ ಕುಂಕುಮವೇ ಇಲ್ಲ” ಎಂದಳು. ಮುದುಕಿಯು ನೀಡಿದ ಕುಂಕುಮವನ್ನು ತೆಗೆದುಕೊಳ್ಳದೆ ಹೊರಟುಹೋದಳು. ಅವಳು ಯಾವ ಕಡೆಗೆ ಹೋದಳೆಂದು ಯಾರಿಗೂ ಕಾಣಲಿಲ್ಲ.

ಆಷಾಢಕ್ಕೆಂದು ಮಗಳು ಅಂಬುಜೆ ಕೂಸನ್ನೆತ್ತಿಕೊಂಡು ತವರಿಗೆ ಬಂದಿದ್ದಳು. ಕೂಸಿನ ಹೆಸರು ಚೂಡಾಮಣಿ, ಆಗತಾನೆ ಹೊಸಲು ದಾಟಿದ ಮಗು. ಮಗುವಿಗೆ ಮೊದಲು ಮೂಗು ಸುರಿಯಿತು, ಆಮೇಲೆ ಕೆಮ್ಮು ಬಂದಿತು, ಅದರ ಬೆನ್ನಿಗೆ ಜ್ವರ ಏರಿತು. ಕನ್ನಿಕಮ್ಮ ದೊಡ್ಡಪತ್ರೆಯನ್ನು ಬಾಡಿಸಿ ರಸ ಹಿಂಡಿ ಕುಡಿಸಿದಳು, ಎದೆಗೆ ಬೆಚ್ಚಗಿನ ಎಣ್ಣೆ ಸವರಿದಳು, ವೀಳ್ಯದೆಲೆಯ ಶಾಖ ಕೊಟ್ಟಳು. ಊರಿನ ಮಕ್ಕಳಿಗೆಲ್ಲ ಇಳಿದ ಜ್ವರ ಅವಳ ಮೊಮ್ಮಗಳಿಗೆ ಇಳಿಯಲಿಲ್ಲ. ಅಂಬುಜೆ ಅಳುತ್ತ, ದವಾಖಾನೆಗೆ ತೋರಿಸೋಣವೇ ಅಮ್ಮ ಎಂದು ಕೇಳಿದಳು. ಕನ್ನಿಕಮ್ಮ ಕೇಳಿಸದವಳಂತೆ ಶುಂಠಿ ತೇಯುತ್ತ ಕುಳಿತಳು. ಪಾಪಯ್ಯ ಶೆಟ್ಟರು ಹೆಂಡತಿಯ ಮುಖ ನೋಡಿ ಅಂಗಡಿಗೆ ಹೋದರು.

ಮಗು ಎದೆಹಾಲನ್ನು ಬಿಟ್ಟಿತು. ಅಳುವುದನ್ನೂ ಬಿಟ್ಟಿತು. ಉಸಿರು ಬಿರುಬಿರನೆ ಓಡಿ, ಎಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ನೋಡಲು ಬಂದ ನೆರೆಯವರು, ಇದು ಬರೆ ಹಾಕಿದಲ್ಲದೆ ಬಿಡುವ ಜಾಡ್ಯವಲ್ಲವೆಂದು ಹೇಳಿ, ಬರೆ ಹಾಕುವವನನ್ನು ಕರೆತಂದರು. ಅವನು ಅಂಗಳದಲ್ಲಿ ಕೆಂಡ ಮಾಡಿ, ಕಬ್ಬಿಣದ ಕಡ್ಡಿಯನ್ನು ಕಾಯಲಿಟ್ಟನು. ಅದು ಕೆಂಪಾಯಿತು. ಮಗುವಿನ ಹೊಟ್ಟೆಯ ಮೇಲಿನ ಬಟ್ಟೆಯನ್ನು ಸರಿಸಿರೆಂದು ಅವನು ಹೇಳಲು, ಕನ್ನಿಕಮ್ಮ ಬಟ್ಟೆಯನ್ನು ಸರಿಸಿ, ಆ ಪುಟ್ಟ ಹೊಟ್ಟೆ ಗಾಳಿಗಾಗಿ ಹೋರಾಡುತ್ತಿರುವುದನ್ನು ಕಂಡಳು. ಕಾದ ಕಡ್ಡಿಯಿಂದ ಇದಕ್ಕೆ ಗಾಳಿ ಬರುವುದೆಂದು ಹೇಳುವ ಯಾವ ಅರಿವೂ ಅವಳಲ್ಲಿರಲಿಲ್ಲ. ಒಳಗಿನ ಗೂಡಿನಲ್ಲಿ ಸಾಲಾಗಿದ್ದ ತನ್ನ ಡಬ್ಬಿಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತೆರೆದು ನೋಡಿದಳು. ಯಾವುದರಲ್ಲೂ ಇದಕ್ಕೆ ಮದ್ದಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ ಮುದುಕಿ ಸಾಕ್ಷಾತ್ ಗೌರಿಯೇ ಎಂಬುದು ಆಗ ಅವಳಿಗೆ ಹೊಳೆಯಿತು.

ಬರೆಯವನ ಕೈಯನ್ನು ತಳ್ಳಿ, ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು, ಬರಿಗಾಲಿನಲ್ಲೇ ಕನ್ನಿಕಮ್ಮ ಬೀದಿಗಿಳಿದಳು. ಅಂದು ಸಂತೆ. ಅವಳ ಮದ್ದು ಕುಡಿದವರು, ಅವಳಿಂದ ಬೈಸಿಕೊಂಡವರು, ಎಲ್ಲರೂ ಅಂಗಡಿ ಹರವಿಕೊಂಡು ಕುಳಿತಿದ್ದರು. ಅವರೆಲ್ಲರ ಕಣ್ಣೆದುರಿಗೆ, ತನ್ನ ಗಂಡನ ಅಂಗಡಿಯ ಮುಂದಿನಿಂದಲೇ ಹಾದು, ಹಿಂದೆ ಅಳುತ್ತ ಬರುವ ಮಗಳೊಡನೆ ದವಾಖಾನೆಯ ಕಡೆಗೆ ನಡೆದಳು. ಪಾಪಯ್ಯ ಶೆಟ್ಟರು ತಕ್ಕಡಿಯನ್ನು ಹಾಗೆಯೇ ಬಿಟ್ಟು ಎದ್ದು ಬಂದು ಅವರನ್ನು ಕೂಡಿಕೊಂಡರು. ಬುಟ್ಟಿ ಮಾರುತ್ತಿದ್ದ ತಿರುಮಲಿ ಮುಂದೆ ಓಡಿ, ಜನವನ್ನು ಸರಿಸಿ ದಾರಿ ಮಾಡಿಕೊಟ್ಟಳು.

ಡಾಕ್ಟರಮ್ಮ ಹೊರಗೆ ಬರಲು, ಕನ್ನಿಕಮ್ಮ ಕೂಸನ್ನು ಅವಳ ಕೈಗಿಟ್ಟು, “ಇದು ನನಗೆ ತಿಳಿಯದು ತಾಯಿ. ನಿಮಗೆ ತಿಳಿದಿದ್ದರೆ ಉಳಿಸಿಕೊಡಿ” ಎಂದಳು. ಇಷ್ಟು ಹೇಳಲು ಅವಳಿಗೆ ಆಯುಸ್ಸೆಲ್ಲ ಬೇಕಾಗಿತ್ತು, ಹೇಳಿದ ಮೇಲೆ ಎದೆ ಹಗುರವಾಯಿತು.

ಸುಗುಣಾಬಾಯಿಯ ನಾಲಗೆಯ ತುದಿಗೆ ಗದರಿಕೆ ಬಂದಿತ್ತು. ಆದರೆ ಆ ವಯಸ್ಸಾದ ಹೆಂಗಸಿನ ಧೂಳಾದ ಪಾದಗಳನ್ನೂ, ಬೆವರಿನಲ್ಲಿ ಕರಗಿ ಹರಡಿದ ಕುಂಕುಮವನ್ನೂ ಕಂಡು ಗದರಿಕೆಯನ್ನು ನುಂಗಿಕೊಂಡು, ಏನೇನು ಕೊಟ್ಟಿರಿ, ಯಾವಾಗಿನಿಂದ ಹಾಲು ಬಿಟ್ಟಿತು ಎಂದು ಮೆಲ್ಲಗೆ ವಿಚಾರಿಸಿದಳು. ಕನ್ನಿಕಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು. ಮಗುವಿನ ಶ್ವಾಸಕೋಶದಲ್ಲಿ ಬಾವು ಬಂದಿದೆ, ಇದು ನೆಗಡಿಯಂತೆಯೇ ಶುರುವಾಗಿ ಬೇರೆಯೇ ಆಗುವ ಕಾಯಿಲೆ, ಇನ್ನೂ ತಡಮಾಡಿದ್ದರೆ ತನ್ನ ಕೈಯಲ್ಲೂ ಆಗುತ್ತಿರಲಿಲ್ಲವೆಂದು ಡಾಕ್ಟರಮ್ಮ ತಿಳಿಸಿ, ಸೂಜಿಮದ್ದು ಕೊಟ್ಟು, ಉಸಿರಿಗೆ ಗಾಳಿಯ ನಳಿಗೆ ಇಟ್ಟು, ಮಗುವಿನ ಮಗ್ಗುಲು ಬಿಟ್ಟು ಏಳಲಿಲ್ಲ. ಕನ್ನಿಕಮ್ಮ ಗೋಡೆಗೊರಗಿ ಕುಳಿತು, ಮೊಮ್ಮಗಳ ಪಕ್ಕೆಯನ್ನೇ ನೋಡುತ್ತಿದ್ದಳು. ಹೊತ್ತು ಕಳೆದಂತೆ ಆ ಗುಳಿ ಸಣ್ಣದಾಗುತ್ತ ಬಂದಿತು, ಮೈ ಬೆವೆತಿತು, ಜ್ವರ ಇಳಿಯಿತು. ಒಂದು ಬೆಳಗ್ಗೆ ಚೂಡಾಮಣಿ ಕಣ್ಣು ಬಿಟ್ಟು, ಅಂಬುಜೆಯ ಸೆರಗನ್ನು ಎಳೆದು, ಹಾಲಿಗಾಗಿ ದವಾಖಾನೆಯೆಲ್ಲ ಕೇಳುವಂತೆ ಅತ್ತಿತು. ಆ ಅಳುವನ್ನು ಕೇಳಿ ಮನೆಯವರೆಲ್ಲ ನಕ್ಕರು, ನಗುತ್ತಲೇ ಅತ್ತರು.

ಆಷಾಢದ ಕೊನೆಯ ಶುಕ್ರವಾರ ಇನ್ನೂ ಉಳಿದಿತ್ತು. ಕನ್ನಿಕಮ್ಮ ಮತ್ತೆ ತಲೆಗೆ ಎರೆದುಕೊಂಡು, ಕಲಶವಿಟ್ಟು, ದೇವಿಯಲ್ಲಿ ಕ್ಷಮೆ ಬೇಡಿ, ಮೊರದ ಬಾಗಿನವನ್ನು ಸೆರಗಿನಿಂದ ಹಿಡಿದು ದವಾಖಾನೆಗೆ ನಡೆದಳು. ಬೀದಿಯ ಹೆಂಗಸರು ಅಚ್ಚರಿಯಿಂದ ಅವಳ ಹಿಂದೆ ಹೋದರು. ಸುಗುಣಾಬಾಯಿ ಬಾಗಿನವನ್ನು ಕಂಡು ಹಿಂದೆ ಸರಿದು, ಕೈಯನ್ನು ಬೆನ್ನಿಗೆ ಕಟ್ಟಿಕೊಂಡು, “ನಾನು ಇದನ್ನು ಮುಟ್ಟುವ ಹಾಗಿಲ್ಲ ಅಮ್ಮ. ನಿಮಗೇ ಗೊತ್ತಲ್ಲ” ಎಂದಳು. ಗಂಡ ತೀರಿದ ದಿನದಿಂದ ಆಕೆಯ ಕೈಗೆ ಯಾರೂ ಒಂದು ಹೂವನ್ನೂ ಕೊಟ್ಟಿರಲಿಲ್ಲ.

“ದೇವಿ ಹೇಳಿದ್ದು ತಿಳಿದವಳಿಗೆ ಕೊಡು ಎಂದು. ಮುತ್ತೈದೆಗೆ ಎಂದು ನಾವು ಸೇರಿಸಿಕೊಂಡದ್ದು. ತೆಗೆದುಕೊಳ್ಳಿ” ಎಂದು ಕನ್ನಿಕಮ್ಮ ಮೊರವನ್ನು ಮುಂದೆ ಚಾಚಿದಳು. ಹಿಂದಿದ್ದ ಹೆಂಗಸರಲ್ಲಿ ಒಬ್ಬರಿಬ್ಬರು ಗೊಣಗಿದರು. ಕನ್ನಿಕಮ್ಮ ತಿರುಗಿ ನೋಡಲಿಲ್ಲ. ಸುಗುಣಾಬಾಯಿ ಎರಡೂ ಕೈಗಳಿಂದ ಬಾಗಿನವನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಆಮೇಲೆ ಇಬ್ಬರೂ ಜಗುಲಿಯಲ್ಲಿ ಕುಳಿತರು. ಕನ್ನಿಕಮ್ಮ ಕೇಳಿದಳು, ಡಾಕ್ಟರಮ್ಮ ಹೇಳಿದಳು. ಸಾಮಾನ್ಯ ನೆಗಡಿ ಕೆಮ್ಮಿಗೆ ಸೂಜಿ ಬೇಡ, ನಿಮ್ಮ ಶುಂಠಿ ಕಷಾಯದಿಂದ ದೊಡ್ಡವರ ಗಂಟಲಿಗೆ ಹಿತವಾಗುತ್ತದೆ, ಕೊಡಿ. ಆದರೆ ಉಸಿರು ಓಡಿದರೆ, ಪಕ್ಕೆ ಸೆಳೆದರೆ, ಮಗು ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಪರಾದರೆ, ಜ್ವರ ಬಿಟ್ಟು ಬಿಟ್ಟು ಬಂದರೆ, ಅಲ್ಲಿಗೆ ಮನೆಮದ್ದು ನಿಲ್ಲಿಸಿ ನನ್ನಲ್ಲಿಗೆ ಕಳುಹಿಸಿ ಎಂದಳು. ಅವಳು ಕೂಡ ಕನ್ನಿಕಮ್ಮನನ್ನು ಕೇಳದೆ ಇರಲಿಲ್ಲ. ಈ ಊರಿನ ಹೆಂಗಸರು ತನ್ನ ಮಾತು ಕೇಳಿ ಹೂಂ ಎಂದು ಹೋಗಿ ಮನೆಯಲ್ಲಿ ತಮ್ಮಿಷ್ಟದಂತೆ ಮಾಡುತ್ತಾರಲ್ಲ, ಅದೇಕೆಂದು ಕೇಳಿದಳು. ಹೆದರಿ ಬಂದವರನ್ನು ಮೊದಲು ಕೂರಿಸಿ ನೀರು ಕೊಡಿ, ಆಮೇಲೆ ಹೇಳಿ ಎಂದಳು ಕನ್ನಿಕಮ್ಮ. ಡಾಕ್ಟರಮ್ಮ ಹಾಗೆಯೇ ನಡೆದುಕೊಂಡಳು. ಕನ್ನಿಕಮ್ಮ ಅಲ್ಲಿಂದ ನೇರವಾಗಿ ತಿರುಮಲಿಯ ಗುಡಿಸಲಿಗೆ ಹೋಗಿ, ಬಿಟ್ಟಿದ್ದ ಮಾತನ್ನು ಕೂಡಿಸಿಕೊಂಡು ಬಂದಳು.

ಶ್ರಾವಣ ಬಂದಿತು. ಬಿಡದೆ ಸುರಿದ ಮಳೆಗೆ ಚರಂಡಿ ಉಕ್ಕಿ ಊರಬಾವಿಗೆ ಹರಿಯಿತು. ಕೇರಿಯಿಂದ ಕೇರಿಗೆ ವಾಂತಿಭೇದಿ ಹಬ್ಬಿತು. ದವಾಖಾನೆಯ ಹಾಸಿಗೆಗಳು ತುಂಬಿ, ನೆಲದ ಮೇಲೆ ಚಾಪೆ ಹಾಸಬೇಕಾಯಿತು. ನೀರು ಕಾಯಿಸಿ ಕುಡಿಯಿರೆಂದು ಸರ್ಕಾರದವರು ತಮಟೆ ಹೊಡೆಸಿ ಸಾರಿದರೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಭೇದಿಯಾದವರಿಗೆ ನೀರೇ ಕೊಡಬಾರದೆಂದು ಬಾಯಿ ಒಣಗಿಸಿ ಮಲಗಿಸಿದ್ದರು. ಆಗ ಡಾಕ್ಟರಮ್ಮ ಕನ್ನಿಕಮ್ಮನಿಗೆ ಹೇಳಿಕಳುಹಿಸಿ, ಕುಡಿಯಬಲ್ಲವರಿಗೆ ಉಪ್ಪು ಬೆರೆಸಿದ ತೆಳು ಗಂಜಿಯನ್ನು ಗುಟುಕು ಗುಟುಕಾಗಿ ಕೊಡುತ್ತಲೇ ಇರಬೇಕು, ಕಣ್ಣು ಗುಳಿಬಿದ್ದು, ಕುಡಿದದ್ದು ನಿಲ್ಲದವರನ್ನು ತಕ್ಷಣ ತನ್ನಲ್ಲಿಗೆ ಸಾಗಿಸಬೇಕು ಎಂದಳು.

ಕನ್ನಿಕಮ್ಮ ಸೆರಗು ಸೊಂಟಕ್ಕೆ ಕಟ್ಟಿದಳು. ಅಂಗಡಿಯ ಮುಂದೆ ಮದುವೆಯ ಕೊಪ್ಪರಿಗೆಗಳನ್ನು ಒಲೆಗೇರಿಸಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಗಂಜಿ ಕುದಿಸಿದಳು. ಪಾಪಯ್ಯ ಶೆಟ್ಟರು ಸೌದೆ ಹೊತ್ತರು, ಅಂಬುಜೆ ಸೌಟು ಹಿಡಿದಳು, ತಿರುಮಲಿ ಕೇರಿಯ ಹೆಂಗಸರನ್ನು ಕೂಡಿಸಿಕೊಂಡು ಬಂದಳು. ಕನ್ನಿಕಮ್ಮ ಮನೆಮನೆಗೂ ಹೋಗಿ, ಬಾಗಿಲು ಹಾಕಿಕೊಂಡವರ ಬಾಗಿಲು ತೆಗೆಸಿ, ತಾನೇ ಕುಳಿತು ಗಂಜಿ ಕುಡಿಸಿದಳು. ಅವಳ ಕೈಯಿಂದ ಬಂದುದನ್ನು ಬೇಡವೆನ್ನುವವರು ಆ ಊರಲ್ಲಿರಲಿಲ್ಲ. ದವಾಖಾನೆಗೆ ಹೋಗಲೇಬೇಕೆಂದು ಅವಳೇ ಹೇಳಲು, ಎಂದೂ ಹೋಗದವರು ಕೂಡ ಗಾಡಿ ಕಟ್ಟಿದರು. ಅತ್ತ ಸುಗುಣಾಬಾಯಿ ಚಾಪೆಯಿಂದ ಚಾಪೆಗೆ ಮೊಣಕಾಲೂರಿ ನಡೆದು, ಬತ್ತಿದ ನರಗಳಿಗೆ ಸೂಜಿಯಿಂದ ಉಪ್ಪುನೀರು ಏರಿಸಿ, ತಣ್ಣಗಾದ ಕೈಗಳನ್ನು ಬೆಚ್ಚಗೆ ಮಾಡಿದಳು. ಸುತ್ತಲ ಹಳ್ಳಿಗಳಿಂದ ಸಾವಿನ ಸುದ್ದಿ ಬರುತ್ತಿತ್ತು. ಚಂದನಕೆರೆಯಲ್ಲಿ ಒಂದು ಮನೆಯಿಂದಲೂ ಹೆಣ ಏಳಲಿಲ್ಲ. ತೊಟ್ಟಿಲ ಕೂಸಿನಿಂದ ಕೋಲೂರುವ ಮುದುಕರ ತನಕ ಎಲ್ಲರೂ ಉಳಿದರು.

ಮಾರಿ ತೊಲಗಿದ ಮೇಲೆ ಊರಿನ ಹೆಂಗಸರೆಲ್ಲ ಸೇರಿ, ಬೀದಿ ಸಾರಿಸಿ ರಂಗೋಲಿ ಬಿಟ್ಟು, ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ, ಇಬ್ಬರ ಮುಡಿಗೂ ಮಲ್ಲಿಗೆ ಮುಡಿಸಿ ಆರತಿ ಎತ್ತಿದರು. ಹಿಂದೆ ಗೊಣಗಿದವರೇ ಆರತಿಯ ತಟ್ಟೆಯನ್ನು ಮುಂದಾಗಿ ಹಿಡಿದರು. ಮಂಗಳವಾದ್ಯ ಮೊಳಗಿತು. ಚೂಡಾಮಣಿ ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹತ್ತಿ ಇಳಿದು ಆಡುತ್ತಿತ್ತು. ಸುಗುಣಾಬಾಯಿಗೆ ಆ ಊರೇ ತವರಾಯಿತು. ಕನ್ನಿಕಮ್ಮನ ಕೈಗುಣ ಮೊದಲಿಗಿಂತ ದೊಡ್ಡದಾಯಿತು. ಮಕ್ಕಳ ಮೈಯ ಮೇಲೆ ಬರೆ ಹಾಕುವ ಕೆಂಡ ಆ ಸೀಮೆಯಲ್ಲಿ ಮತ್ತೆ ಉರಿಯಲಿಲ್ಲ.

ಆರೋಗ್ಯಗೌರಿಯ ಈ ವ್ರತವನ್ನು ಅಹಂಕಾರ ಬಿಟ್ಟು ಆಚರಿಸಿ, ಬಾಗಿನವನ್ನು ತಿಳಿದವಳ ಮನೆಗೆ ಮುಟ್ಟಿಸಿದವರ ತೊಟ್ಟಿಲುಗಳು ತುಂಬಿರುವುವು, ಹಿರಿಯರ ಉಸಿರು ಹಗುರವಾಗಿರುವುದು, ಬಂದ ಜಾಡ್ಯವು ಹೊತ್ತಿಗೆ ಸರಿಯಾದ ಮದ್ದನ್ನು ಕಂಡು ತೊಲಗುವುದು. ಮಾಡಲಾಗದವರು ಈ ಕಥೆಯನ್ನು ಓದಿದರೂ, ಓದಿದವರ ಬಾಯಿಂದ ಕೇಳಿದರೂ, ಕೇಳಿದ್ದನ್ನು ಇನ್ನೊಬ್ಬ ತಾಯಿಗೆ ಹೇಳಿದರೂ ಕನ್ನಿಕಮ್ಮನಿಗಾದ ಫಲವೇ ಅವರಿಗೂ ಆಗುವುದು. ಕಲಶಕ್ಕೆ ಅಕ್ಷತೆ ಹಾಕಿ, ದೇವಿಗೆ ನಮಸ್ಕರಿಸಿ, ಬಾಗಿನವನ್ನು ಎತ್ತಿಕೊಂಡು ಹೊರಡಿ.