ಅಜ್ಜ ಹತ್ತದ ದಿಮ್ಮಿ

“ಮತ್ತೆ ಅಡ್ಡ ಬಾಯಿ ಹಾಕಿದೆಯಲ್ಲ ಬೂದಕ್ಕ. ನನ್ನದೊಂದು ಮಾತು ಪೂರ್ತಿ ಆಗಲಿಕ್ಕೆ ಬಿಡುವುದಿಲ್ಲವಲ್ಲ ನೀನು” ಎಂದು ನೀರುನಾಯಿ ಚುರುಕಿ ಹಲ್ಲು ಕಡಿದಳು.

“ನೀನು ತಪ್ಪು ಹೇಳುತ್ತಿದ್ದರೆ ಮುಗಿಯುವ ತನಕ ಕಾಯಬೇಕೇನೇ?” ಎಂದಳು ಹೆಬ್ಬಾತು ಬೂದಕ್ಕ.

ಮಕ್ಕಳೇ, ಇದು ನಡೆದದ್ದು ಅಮೆರಿಕ ದೇಶದ ದಕ್ಷಿಣದ ಕಾಡಿನಲ್ಲಿ, ಒಂದು ಕೆರೆದಂಡೆಯಲ್ಲಿ. ಅಲ್ಲಿ ಉರುಳಿಬಿದ್ದ ದೊಡ್ಡ ಮರದ ದಿಮ್ಮಿ ಇತ್ತು. ಕಾಡಿನ ಸಭೆ ಸೇರುತ್ತಿದ್ದದ್ದು ಅದರ ಸುತ್ತ. ದಿಮ್ಮಿ ಹತ್ತಿದವರು ಮಾತಾಡಬಹುದು, ಒಪ್ಪಿಗೆಗೆ ಕಾಲೋ ರೆಕ್ಕೆಯೋ ಎತ್ತಬಹುದು. ಹತ್ತದವರು ಕೇಳಿಕೊಂಡು ಮನೆಗೆ ಹೋಗಬೇಕು.

ಹಿಂದೆ ನರಿಗಳು ಹೆಬ್ಬಾತುಗಳ ರೆಕ್ಕೆ ಕತ್ತರಿಸಿ ತಮ್ಮ ಹೊಲದ ಕಳೆ ಕೀಳಿಸುತ್ತಿದ್ದವು. ಅದು ಸರಿಯೋ ತಪ್ಪೋ ಎಂದು ಉತ್ತರದ ಕಾಡಿಗೂ ದಕ್ಷಿಣದ ಕಾಡಿಗೂ ಯುದ್ಧವೇ ಆಯಿತು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ನರಿಗಳು ಸೋತವು. ಹೆಬ್ಬಾತುಗಳ ರೆಕ್ಕೆ ಬೆಳೆಯಿತು, ಅವೂ ದಿಮ್ಮಿ ಹತ್ತಿದವು. ಅದಕ್ಕೆ ಯಾರೂ ಅಡ್ಡಿ ಮಾಡದಂತೆ ಉತ್ತರದ ಕರಡಿಗಳು ಕಾವಲು ನಿಂತವು. ಆದರೆ ಕಾವಲು ಎಷ್ಟು ದಿನ? ಕರಡಿಗಳಿಗೆ ಬೇಸರ ಬಂತು. “ಇನ್ನು ನೀವುನೀವೇ ನೋಡಿಕೊಳ್ಳಿ” ಎಂದು ಹೊರಟೇಹೋದವು.

ಚುರುಕಿಗೆ ನಿಂತಲ್ಲಿ ನಿಲ್ಲಲಾಗದು. ಬಿಲದಲ್ಲಿ ಮೂರು ಎಳೆ ಮರಿಗಳು, ಇಲ್ಲಿ ಮುಗಿಯದ ಸಭೆ. ಅವಳ ಚಡಪಡಿಕೆ ನೋಡಿ ನರಿ ಕೆಂಬಾಲಯ್ಯ ಪಕ್ಕಕ್ಕೆ ಬಂದು ಕೂತ.

“ಎಂಥ ಕಾಲ ಬಂತಮ್ಮ. ನಿನ್ನೆ ಕಳೆ ಕೀಳುತ್ತಿದ್ದವಳು ಇವತ್ತು ನಿನ್ನ ಮಾತು ತಿದ್ದುತ್ತಾಳೆ.”

“ಅದೇ ನನ್ನ ಹೊಟ್ಟೆಯುರಿ. ಮರಿ ಬಿಟ್ಟು ಓಡಿ ಬರುವುದು, ಇವಳ ಕಿರುಚಾಟ ಕೇಳಿ ವಾಪಸ್ ಹೋಗುವುದು.”

“ಒಂದು ಸಣ್ಣ ನಿಯಮ ಮಾಡೋಣ. ಯುದ್ಧಕ್ಕೆ ಮುಂಚೆ ಯಾರ ಅಜ್ಜ ಈ ದಿಮ್ಮಿ ಹತ್ತಿದ್ದನೋ ಅವರು ಮಾತ್ರ ಹತ್ತಬೇಕು. ಹೆಬ್ಬಾತಿನ ಹೆಸರೇ ಇದರಲ್ಲಿಲ್ಲ ನೋಡು. ಅನ್ಯಾಯ ಎನ್ನಲು ಯಾರಿಗೂ ಬಾಯಿ ಬರಲಾರದು.”

“ಆಮೇಲೆ ಇವಳ ಕಾಟ ಇರುವುದಿಲ್ಲ ತಾನೇ?”

“ಇವಳೂ ಇಲ್ಲ, ಇವಳ ಮೊಮ್ಮಕ್ಕಳೂ ಇಲ್ಲ.”

ಕೆಂಬಾಲಯ್ಯ ದಿಮ್ಮಿ ಹತ್ತಿ ನಿಯಮ ಮುಂದಿಟ್ಟ.

“ಚುರುಕಿ, ಕಾಲೆತ್ತುವ ಮುಂಚೆ ಸ್ವಲ್ಪ ಯೋಚನೆ…” ಎಂದಳು ಬೂದಕ್ಕ.

“ನೋಡಿದಿರಾ, ಮತ್ತೆ ಶುರುವಾಯಿತು” ಎಂದು ಚುರುಕಿ ಎರಡೂ ಮುಂಗಾಲು ಎತ್ತಿಬಿಟ್ಟಳು. ಅಳಿಲು, ಆಮೆಗಳು ನಕ್ಕು ತಾವೂ ಎತ್ತಿದವು. ನಿಯಮ ಆಯಿತು. ಹೆಬ್ಬಾತುಗಳು ಒಂದೊಂದಾಗಿ ಕೆಳಗಿಳಿದವು.

ಅದೇ ಬಿಸಿಯಲ್ಲಿ ಕೆಂಬಾಲಯ್ಯ ಇನ್ನೊಂದು ಮಾತು ತೆಗೆದ. “ತೊರೆಗೆ ಒಡ್ಡು ಹಾಕಿ ಕೆರೆಯ ನೀರು ಏರಿಸೋಣ. ಮೀನು ನಮ್ಮ ಬಾಗಿಲಿಗೇ ಬರುತ್ತದೆ.”

ನೀರು ಒಂದು ಗೇಣು ಏರಿದರೆ ಚುರುಕಿಯ ಬಿಲ ಮುಳುಗುತ್ತದೆ. ನೀರುನಾಯಿಯ ಮರಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ ಮಕ್ಕಳೇ, ತಾಯಿ ಕಲಿಸಬೇಕು.

“ಬೇಡ, ನನ್ನ ಮರಿಗಳು…”

“ಸ್ವಲ್ಪ ಇಳಿಯಮ್ಮ” ಎಂದ ಕೆಂಬಾಲಯ್ಯ. “ನಿನ್ನ ಅಜ್ಜ ಈ ದಿಮ್ಮಿ ಹತ್ತಿದ್ದನೇ?”

“ನನ್ನಜ್ಜ ಇದರ ಕೆಳಗೆ ಮುಳುಗಿ ನಿಮಗೆ ಮೀನು ಹಿಡಿದುಕೊಟ್ಟವನು.”

“ಕೆಳಗಿದ್ದ. ಮೇಲಿರಲಿಲ್ಲ.”

“ಈ ನಿಯಮ ಅವಳಿಗೆ ಅಂದಿದ್ದಿರಿ.”

“ಅವಳ ಹೆಸರು ಇದರಲ್ಲಿಲ್ಲ ಎಂದೂ ಹೇಳಿದ್ದೆನಲ್ಲ.”

ಅಳಿಲುಗಳೂ ಆಮೆಗಳೂ ತಂತಮ್ಮ ಅಜ್ಜಂದಿರನ್ನು ನೆನೆದುಕೊಂಡು ಸದ್ದಿಲ್ಲದೆ ಇಳಿದವು. ದಿಮ್ಮಿಯ ಮೇಲೆ ಉಳಿದದ್ದು ನರಿಗಳು ಮಾತ್ರ; ಯುದ್ಧಕ್ಕೆ ಮುಂಚೆ ಅದನ್ನು ಹತ್ತುತ್ತಿದ್ದದ್ದು ಅವೇ.

ಸಂಜೆಗೆ ಒಡ್ಡು ನಿಂತಿತು, ನೀರು ಏರಿತು. ಚುರುಕಿ ಒಂದು ಮರಿಯನ್ನು ಕಚ್ಚಿ ತಂದು ದಡದಲ್ಲಿ ಬಿಟ್ಟು ತಿರುಗುವಷ್ಟರಲ್ಲಿ ಬಿಲದ ಬಾಯಿ ಕಾಣದಾಗಿತ್ತು. ಆಗಲೇ ಬೂದಕ್ಕ ಈಜಿ ಬರುವುದು ಕಂಡಿತು. ಬಿಲದಿಂದ ತೇಲಿ ಹೊರಬಂದ ಉಳಿದೆರಡು ಮರಿಗಳು ಅವಳ ಬೆನ್ನಿಗೆ ಅಂಟಿಕೊಂಡಿದ್ದವು.

ಬೂದಕ್ಕ ಮರಿಗಳನ್ನು ಹುಲ್ಲಿನ ಮೇಲೆ ಇಳಿಸಿ ಗರಿ ಕೊಡವಿಕೊಂಡಳು. “ಒಂದು ಮಾತು ಕೇಳಲೇ ಚುರುಕಿ? ನನ್ನನ್ನು ದಿಮ್ಮಿಯಿಂದ ಇಳಿಸಿದರೆ ನಿನಗೆ ಏನು ಸಿಗುತ್ತದೆ ಅಂದುಕೊಂಡಿದ್ದೆ?”

ಚುರುಕಿ ಮರಿಗಳ ಒದ್ದೆ ಮೈ ನೆಕ್ಕುತ್ತಾ ಕೂತಳು.

ನೀತಿ: ನೆರೆಯವರ ಬಾಯಿ ಕಟ್ಟಲು ಹೊಸೆದ ಹಗ್ಗ ನಮ್ಮ ಬಾಯಿಯನ್ನೂ ಕಟ್ಟುತ್ತದೆ.